ಮಲಾವಿ: ಒಂದು ಜಿಲ್ಲೆಯ ಕೆಲಸವನ್ನು ಮೂರು ಜಿಲ್ಲೆಗೆ ಹಬ್ಬಿಸುವ ಮುನ್ನ ಕಚೇರಿಯಲ್ಲಿ ಏನನ್ನು ಗಟ್ಟಿ ಮಾಡಿಕೊಳ್ಳಬೇಕು?

ಡೆಡ್ಜಾ ದಿನಚರಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಆಫ್ರಿಕಾದ ದೇಶಗಳಲ್ಲಿ ಗ್ರಾಮೀಣಾಭಿವೃದ್ಧಿಯ ಕೆಲಸ ಮಾಡಿದ ಅನುಭವವುಳ್ಳವರು ಇಲ್ಲಿ ಕೆಲವರಾದರೂ ಇದ್ದಾರೆಂಬ ಭರವಸೆಯಿಂದ ಈ ಪ್ರಶ್ನೆಯನ್ನು ಮುಂದಿಡುತ್ತಿದ್ದೇನೆ.

ಮಲಾವಿಯಲ್ಲಿ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯ ಕಂಟ್ರಿ ಆಫೀಸಿನ ಹೊಣೆಯನ್ನು ನಾಲ್ಕು ವರ್ಷಗಳಿಂದ ಹೊತ್ತಿದ್ದೇನೆ. ಲಿಲಾಂಗ್ವೆಯಲ್ಲಿ ಬಾಡಿಗೆಯ ಮೂರು ಕೋಣೆಗಳು, ಅಲ್ಲಿಂದ ದಕ್ಷಿಣಕ್ಕೆ ಎಂ1 ಹೆದ್ದಾರಿಯಲ್ಲಿ ಒಂದೂವರೆ ಗಂಟೆಯ ದಾರಿಯಾದ ಡೆಡ್ಜಾ ಬೋಮಾದಲ್ಲಿ, ಅಂದರೆ ಜಿಲ್ಲಾ ಕೇಂದ್ರದಲ್ಲಿ, ಒಂದು ಕ್ಷೇತ್ರ ಕಚೇರಿ, ಹಳೆಯದೊಂದು ಲ್ಯಾಂಡ್ ಕ್ರೂಸರ್, ಐದು ಮೋಟಾರ್‌ಬೈಕುಗಳು, ನನ್ನನ್ನೂ ಸೇರಿಸಿ ಹನ್ನೊಂದು ಮಂದಿ. ನಮ್ಮ ಬಂಡವಾಳ ಇಷ್ಟೇ. ಉಳಿತಾಯ ಗುಂಪುಗಳನ್ನು ಕಟ್ಟುವುದು, ಇಳಿಜಾರು ಹೊಲಗಳಲ್ಲಿ ಮಣ್ಣು ಕೊಚ್ಚಿಹೋಗದಂತೆ ಬದುಗಳನ್ನು ಹಾಕಿಸುವುದು, ಮೇಕೆಗಳನ್ನು ಕೊಟ್ಟು ಮೊದಲ ಮರಿಯನ್ನು ನೆರೆಯ ಕುಟುಂಬಕ್ಕೆ ದಾಟಿಸುವುದು, ಕೆಟ್ಟು ನಿಂತ ಕೈಪಂಪುಗಳನ್ನು ಊರವರೇ ರಿಪೇರಿ ಮಾಡುವಂತೆ ತರಬೇತಿ ಕೊಡುವುದು ನಮ್ಮ ಕೆಲಸ. ಉಳಿತಾಯ ಗುಂಪುಗಳಂತೂ ಚೆನ್ನಾಗಿ ಬೇರುಬಿಟ್ಟಿವೆ. ಅಲ್ಲಿನ ಹೆಂಗಸರು ಅದನ್ನು ಚಿಚೆವಾ ಭಾಷೆಯಲ್ಲಿ ‘ಬಂಕಿ ಮ್ಖೊಂಡೆ’ ಎನ್ನುತ್ತಾರೆ. ಜಗಲಿಯ ಬ್ಯಾಂಕು ಎಂಬುದು ಅದರ ಅರ್ಥ.

ಈಗ ಯುರೋಪಿನ ಒಂದು ದಾನಿ ಸಂಸ್ಥೆ ಮೂರು ವರ್ಷಗಳ ಅನುದಾನವನ್ನು ಕೊಡಲು ಮುಂದೆ ಬಂದಿದೆ. ವರ್ಷಕ್ಕೆ ಬರುವ ಮೊತ್ತ ನಮ್ಮ ಈಗಿನ ವಾರ್ಷಿಕ ಖರ್ಚಿನ ನಾಲ್ಕು ಪಟ್ಟು. ಡೆಡ್ಜಾದ ಜೊತೆಗೆ ಉತ್ತರದ ಮ್ಜಿಂಬಾದಲ್ಲಿಯೂ ದಕ್ಷಿಣ ತುದಿಯ ನ್ಸಾಂಜೆಯಲ್ಲಿಯೂ ಇದೇ ಕೆಲಸವನ್ನು ಆರಂಭಿಸಬೇಕು, ಜನವರಿ 1ರಿಂದ ಯೋಜನೆ ಜಾರಿಗೆ ಬರಬೇಕು, ಮೊದಲ ಆರು ತಿಂಗಳಲ್ಲಿ ಸಿಬ್ಬಂದಿಯ ಸಂಖ್ಯೆ ಮೂವತ್ತೆಂಟಕ್ಕೆ ಏರಬೇಕು ಎಂಬುದು ಕರಡು ಒಪ್ಪಂದದಲ್ಲಿದೆ. ಆಡಳಿತ ವೆಚ್ಚಕ್ಕೆಂದು 7 ಪ್ರತಿಶತ ಮಾತ್ರ ಕೊಡುತ್ತಾರೆ. ನಮ್ಮ ಮುಖ್ಯ ಕಚೇರಿಯವರಿಗೆ ಬಹಳ ಸಂತೋಷವಾಗಿದೆ. ಅಲ್ಲಿಂದ ಇಬ್ಬರು ಅನುಭವಿ ವ್ಯವಸ್ಥಾಪಕರನ್ನು ಕಳಿಸುತ್ತೇವೆ, ಹೊಸ ಜಿಲ್ಲೆಗಳನ್ನು ಅವರು ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದಾರೆ.

ನನಗೆ ಮಾತ್ರ ನಿದ್ರೆ ಬರುತ್ತಿಲ್ಲ. ನಮ್ಮಲ್ಲಿ ಲೆಕ್ಕಪತ್ರ ನೋಡುವವರು ಒಬ್ಬರೇ. ಇಂದಿಗೂ ಪ್ರತಿಯೊಂದು ವೋಚರಿಗೂ ನಾನೇ ಸಹಿ ಹಾಕುತ್ತೇನೆ. ಅವಕಾಶವನ್ನು ಬಿಟ್ಟರೆ ಮತ್ತೆ ಬಾರದಿರಬಹುದು; ಹಿಡಿದರೆ ಡೆಡ್ಜಾದಲ್ಲಿ ಕಷ್ಟಪಟ್ಟು ಕಟ್ಟಿದ್ದೂ ಸಡಿಲವಾಗಬಹುದು. ಇಂತಹ ಸಂದರ್ಭದಲ್ಲಿ ಕಚೇರಿಯನ್ನು ಯಾವ ಕ್ರಮದಲ್ಲಿ ಬೆಳೆಸಬೇಕು, ಯಾವುದನ್ನು ಮೊದಲು ಮಾಡಬೇಕು, ದಾನಿಗಳೊಂದಿಗೆ ಯಾವ ಅಂಶಗಳಲ್ಲಿ ಚೌಕಾಸಿ ಮಾಡಬಹುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಕೆಮ್ಮಣ್ಣು ದಾರಿ

ನಿಮ್ಮ ಬರಹದಲ್ಲಿ ನನ್ನ ಕಣ್ಣು ನಿಂತದ್ದು ಅನುದಾನದ ಮೊತ್ತದ ಮೇಲಲ್ಲ, ‘ಪ್ರತಿಯೊಂದು ವೋಚರಿಗೂ ನಾನೇ ಸಹಿ ಹಾಕುತ್ತೇನೆ’ ಎಂಬ ಸಾಲಿನ ಮೇಲೆ. ನಿಮ್ಮ ಕಚೇರಿ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಆ ಸಹಿ ನಿರ್ಧರಿಸುತ್ತದೆ. ಡೆಡ್ಜಾ ಒಂದೂವರೆ ಗಂಟೆಯ ದಾರಿಯಾದ್ದರಿಂದ ಈ ಪದ್ಧತಿ ಇದುವರೆಗೆ ನಡೆದುಕೊಂಡು ಬಂದಿದೆ. ನ್ಸಾಂಜೆ ಲಿಲಾಂಗ್ವೆಯಿಂದ ಇಡೀ ಒಂದು ದಿನದ ಪ್ರಯಾಣ. ಅಲ್ಲಿಗೆ ಇದು ನಡೆಯುವುದಿಲ್ಲ.

ಹಿಂದೆ ನಾನಿದ್ದ ಸಂಸ್ಥೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನವೆಂಬರ್ ತಿಂಗಳಲ್ಲಿ ಒಬ್ಬ ಕ್ಷೇತ್ರಾಧಿಕಾರಿಯ ಬೈಕಿನ ಕ್ಲಚ್ ಕೇಬಲ್ ತುಂಡಾಯಿತು. ಹೊಸ ಕೇಬಲ್ಲಿನ ಬೆಲೆ ಆತನ ಒಂದು ದಿನದ ಸಂಬಳಕ್ಕಿಂತ ಕಡಿಮೆ. ಆದರೆ ಜಿಲ್ಲಾ ಸಂಯೋಜಕರಿಗೆ ಅದನ್ನು ಕೊಳ್ಳುವ ಅಧಿಕಾರವಿರಲಿಲ್ಲ. ಮೂರು ಅಂಗಡಿಗಳ ದರಪಟ್ಟಿಗಳು ರಾಜಧಾನಿಗೆ ಹೋಗಿ, ಅಲ್ಲಿ ಸಹಿ ಹಾಕಬೇಕಾದವರು ಕಾರ್ಯಾಗಾರಕ್ಕೆ ಹೋಗಿದ್ದರಿಂದ ಕಾದು, ಮಂಜೂರಾತಿ ಮರಳಿ ಬರುವ ಹೊತ್ತಿಗೆ ಹತ್ತೊಂಬತ್ತು ದಿನಗಳಾಗಿದ್ದವು. ಆ ಹತ್ತೊಂಬತ್ತು ದಿನಗಳಲ್ಲಿ ಮಳೆ ಬಿದ್ದು, ಜೋಳದ, ಅಂದರೆ ಅಲ್ಲಿನ ಮೆಕ್ಕೆಜೋಳದ ಬಿತ್ತನೆ ಮುಗಿದುಹೋಯಿತು. ಬಿತ್ತನೆಯ ಕ್ರಮವನ್ನು ಕಲಿಸಬೇಕಾದವನು ಬೀಜ ಮೊಳೆತ ಮೇಲೆ ಹಳ್ಳಿ ತಲುಪಿದ. ಆ ವರ್ಷದ ವರದಿಯಲ್ಲಿ ನಾವು ‘ಅನಿವಾರ್ಯ ಕಾರಣಗಳಿಂದ ತರಬೇತಿ ವಿಳಂಬವಾಯಿತು’ ಎಂದು ಬರೆದೆವು. ನಮ್ಮ ಕ್ಷೇತ್ರದ ಎಷ್ಟೋ ‘ಅನಿವಾರ್ಯ ಕಾರಣ’ಗಳು ಕ್ಲಚ್ ಕೇಬಲ್ಲುಗಳೇ ಆಗಿರುತ್ತವೆ ಎಂಬುದು ನನ್ನ ಗುಮಾನಿ.

ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಒಂದು ಪ್ರಯೋಗ ಮಾಡಿ. ಡೆಡ್ಜಾದ ಸಂಯೋಜಕರಿಗೆ ಇಂತಿಷ್ಟು ಕ್ವಾಚದವರೆಗೆ (ಮಲಾವಿಯ ನಾಣ್ಯ) ಖರ್ಚು ಮಾಡುವ, ಇಂತಿಂಥ ವಿಷಯಗಳಲ್ಲಿ ತಾವೇ ತೀರ್ಮಾನಿಸುವ ಅಧಿಕಾರವನ್ನು ಲಿಖಿತವಾಗಿ ಕೊಟ್ಟು, ಮೂರು ತಿಂಗಳು ನೀವು ಅತ್ತ ತಲೆಹಾಕಬೇಡಿ. ತಿಂಗಳಿಗೊಮ್ಮೆ ಲೆಕ್ಕ ನೋಡಿ, ತಪ್ಪಿದ್ದರೆ ಆಮೇಲೆ ಕೇಳಿ. ಮೂರು ತಿಂಗಳ ಕೊನೆಗೆ ಅಲ್ಲಿನ ಕೆಲಸ ಮೊದಲಿನಂತೆಯೇ ನಡೆಯುತ್ತಿದ್ದರೆ ಎರಡನೆಯ ಜಿಲ್ಲೆಗೆ ನೀವು ಸಿದ್ಧರಾಗಿದ್ದೀರಿ. ನಡೆಯದಿದ್ದರೆ ಮೂವತ್ತೆಂಟು ಮಂದಿಯನ್ನು ಸೇರಿಸಿಕೊಂಡರೂ ಸಹಿಗಾಗಿ ಕಾಯುವವರ ಸಾಲು ಉದ್ದವಾಗುತ್ತದೆ, ಅಷ್ಟೆ.

ಜನವರಿ 1ರ ಆರಂಭದ ವಿಷಯದಲ್ಲಿ ಖಂಡಿತ ಚೌಕಾಸಿ ಮಾಡಿ. ಅದು ದಾನಿಗಳ ಕ್ಯಾಲೆಂಡರು, ಮಲಾವಿಯದಲ್ಲ. ಜನವರಿಯಿಂದ ಮಾರ್ಚಿವರೆಗೆ ಮಣ್ಣು ರಸ್ತೆಗಳು ಕೆಸರಾಗಿರುತ್ತವೆ, ಹಿಂದಿನ ಸುಗ್ಗಿಯ ಜೋಳ ಖಾಲಿಯಾಗಿ ಮನೆಗಳಲ್ಲಿ ಹಸಿವಿರುತ್ತದೆ, ಜನ ಹೊಲದಲ್ಲಿರುತ್ತಾರೆ ಇಲ್ಲವೇ ಹೊಟ್ಟೆಪಾಡಿಗಾಗಿ ಬೇರೆಯವರ ಹೊಲದಲ್ಲಿ ‘ಗಾನ್ಯು’ ಎನ್ನುವ ಬಿಡಿ ಕೂಲಿಗೆ ಹೋಗಿರುತ್ತಾರೆ. ಆ ಹೊತ್ತಿನಲ್ಲಿ ಆರಂಭಿಕ ಸಮೀಕ್ಷೆ ಮಾಡಿದರೆ ಸಿಗುವ ಚಿತ್ರ ವರ್ಷದ ಅತಿ ಕೆಟ್ಟ ತಿಂಗಳುಗಳದು. ಕೊನೆಯ ಸಮೀಕ್ಷೆಯನ್ನು ಸುಗ್ಗಿಯ ನಂತರ ಮಾಡಿದರೆ ನೀವು ಏನೂ ಮಾಡದಿದ್ದರೂ ಪ್ರಗತಿ ಕಾಣುತ್ತದೆ. ಬುದ್ಧಿವಂತ ಮೌಲ್ಯಮಾಪಕರು ಅದನ್ನು ಹಿಡಿಯುತ್ತಾರೆ. ಏಪ್ರಿಲ್‌ನಿಂದ ಆರಂಭಿಸೋಣ ಎಂದು ಕೇಳಿ. 2022ರಿಂದ ಮಲಾವಿ ಸರ್ಕಾರದ ಹಣಕಾಸು ವರ್ಷವೂ ಏಪ್ರಿಲ್ 1ಕ್ಕೆ ಆರಂಭವಾಗುತ್ತಿರುವುದರಿಂದ ಜಿಲ್ಲಾ ಪರಿಷತ್ತಿನ ಯೋಜನೆಯೊಂದಿಗೆ ನಿಮ್ಮ ಯೋಜನೆಯನ್ನು ಹೊಂದಿಸುವುದಕ್ಕೂ ಅನುಕೂಲ.

ಜಿಲ್ಲಾ ಪರಿಷತ್ತಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಹೊಸ ಜಿಲ್ಲೆಗೆ ಹೋದಾಗ ಡಿಸ್ಟ್ರಿಕ್ಟ್ ಕಮಿಷನರರನ್ನು ಕಂಡು, ಜಿಲ್ಲಾ ಕಾರ್ಯನಿರ್ವಾಹಕ ಸಮಿತಿಯ ಮುಂದೆ ನಿಮ್ಮ ಯೋಜನೆಯನ್ನು ಮಂಡಿಸಿ, ಅವರು ಸೂಚಿಸಿದ ಟಿ.ಎ. (ಟ್ರೆಡಿಷನಲ್ ಅಥಾರಿಟಿ, ಅಂದರೆ ಸಾಂಪ್ರದಾಯಿಕ ಮುಖ್ಯಸ್ಥರೊಬ್ಬರ ಅಧೀನದ ಪ್ರದೇಶ) ವ್ಯಾಪ್ತಿಯ ಮುಖ್ಯಸ್ಥರನ್ನು ಭೇಟಿಯಾಗಿ, ಆಮೇಲೆ ಪ್ರದೇಶಾಭಿವೃದ್ಧಿ ಸಮಿತಿ, ಗ್ರಾಮಾಭಿವೃದ್ಧಿ ಸಮಿತಿಗಳಿಗೆ ಇಳಿಯುವ ಕ್ರಮ ನಿಮಗೆ ಗೊತ್ತೇ ಇದೆ. ಹೊಸದಾಗಿ ಬರುವ ವ್ಯವಸ್ಥಾಪಕರಿಗೆ ಇದು ಕಾಲಹರಣವೆನಿಸುತ್ತದೆ. ಪರಿಷತ್ತಿನ ಕೃಷಿ ಅಧಿಕಾರಿಗಳು ಪ್ರತಿ ಸಭೆಗೂ ಇಂಧನ, ಊಟದ ಭತ್ಯೆ ಕೇಳುವುದನ್ನು ಕಂಡು ಅವರಿಗೆ ಸಿಟ್ಟೂ ಬರುತ್ತದೆ. ಇದರ ಹಿನ್ನೆಲೆಯನ್ನು ಅವರಿಗೆ ಹೇಳಬೇಕು: 2013ರಲ್ಲಿ ಕ್ಯಾಶ್‌ಗೇಟ್ ಎಂದು ಹೆಸರಾದ ಖಜಾನೆ ಹಗರಣ ಹೊರಬಿದ್ದಾಗ ದಾನಿ ದೇಶಗಳು ಸರ್ಕಾರದ ಬಜೆಟ್ಟಿಗೆ ನೇರವಾಗಿ ಕೊಡುತ್ತಿದ್ದ ನೆರವನ್ನು ನಿಲ್ಲಿಸಿದವು, ಹಣದ ಬಹುಭಾಗ ಸಂಸ್ಥೆಗಳ, ಯೋಜನೆಗಳ ಮೂಲಕ ಹರಿಯತೊಡಗಿತು. ಬೈಕ್ ಇದ್ದು ಪೆಟ್ರೋಲಿಲ್ಲದ ಕೃಷಿ ವಿಸ್ತರಣಾಧಿಕಾರಿ ನಿಮ್ಮಲ್ಲಿ ಇಂಧನ ಕೇಳುವುದು ದುರಾಸೆಯಿಂದಲೇ ಎಂದು ತಿಳಿಯಬಾರದು. ಆದರೆ ಭತ್ಯೆಯ ದರವನ್ನು ಜಿಲ್ಲೆಯ ಇತರ ಸಂಸ್ಥೆಗಳೊಂದಿಗೆ ಕೂತು ಒಂದೇ ಆಗಿ ನಿಗದಿಪಡಿಸಿಕೊಳ್ಳಿ. ದೊಡ್ಡ ಅನುದಾನ ಬಂದ ಹುಮ್ಮಸ್ಸಿನಲ್ಲಿ ನೀವು ಒಂದಿಷ್ಟು ಹೆಚ್ಚು ಕೊಟ್ಟರೆ ಉಳಿದವರ ಸಭೆಗಳು ಖಾಲಿಯಾಗುತ್ತವೆ, ಮುಂದಿನ ವರ್ಷ ನಿಮ್ಮದೂ ಖಾಲಿಯಾಗುತ್ತದೆ.

ಇನ್ನು ಜಿಲ್ಲೆಗಳ ಆಯ್ಕೆ. ಭೂಪಟದಲ್ಲಿ ಉತ್ತರಕ್ಕೊಂದು, ಮಧ್ಯಕ್ಕೊಂದು, ದಕ್ಷಿಣಕ್ಕೊಂದು ಎಂದು ಗುರುತು ಹಾಕಿದರೆ ಅಂದವಾಗಿ ಕಾಣುತ್ತದೆ. ಆದರೆ ನೀವು ‘ಇದೇ ಕೆಲಸ’ ಎಂದಿದ್ದೀರಲ್ಲ, ಅದು ಮ್ಜಿಂಬಾದಲ್ಲಿ ಇದೇ ಕೆಲಸವಾಗಿ ಉಳಿಯುವುದಿಲ್ಲ. ಡೆಡ್ಜಾದ ಚೆವಾ ಸಮುದಾಯದಲ್ಲಿ ಭೂಮಿ ಹೆಣ್ಣಿನ ಕಡೆಯಿಂದ ಬರುತ್ತದೆ, ಮದುವೆಯಾದ ಗಂಡು ಹೆಂಡತಿಯ ಊರಿಗೆ ಬರುವುದು ವಾಡಿಕೆ. ನಮ್ಮ ಅಳಿಯಕಟ್ಟನ್ನು ಬಲ್ಲವರಿಗೆ ಇದರ ಹೊಳಹು ಸಿಗುತ್ತದೆ, ಎರಡೂ ಒಂದೇ ಅಲ್ಲದಿದ್ದರೂ. ಮ್ಜಿಂಬಾದಲ್ಲಿ ಮಾತು ತುಂಬುಕಾ. ಎಂಗೋನಿ ಅರಸೊತ್ತಿಗೆಯ ನೆರಳು ಗಾಢವಾಗಿದ್ದು ಜಿಲ್ಲಾ ಪರಿಷತ್ತಿಗೇ ಎಂಬೆಲ್ವ ಎಂಬ ಅರಸನ ಹೆಸರಿದೆ. ವಧುದಕ್ಷಿಣೆ ಕೊಟ್ಟು ತಂದ ಹೆಣ್ಣು ಗಂಡನ ಊರಿನಲ್ಲಿರುತ್ತಾಳೆ, ಜಮೀನು ಗಂಡಿನ ವಂಶದ್ದು. ಡೆಡ್ಜಾದ ಹೆಂಗಸು ತನ್ನ ಹೊಲದಲ್ಲಿ ಬದು ಹಾಕಬೇಕೆಂದು ತಾನೇ ತೀರ್ಮಾನಿಸಬಹುದು. ಮ್ಜಿಂಬಾದಲ್ಲಿ ಆ ತೀರ್ಮಾನಕ್ಕೆ ಇನ್ನೂ ಮೂವರು ಕೂರಬೇಕು. ದಾಟಿಸಿದ ಮೇಕೆಮರಿ ಯಾರ ಪಾಲಾಗುತ್ತದೆ ಎಂಬುದೂ ಬೇರೆಯೇ.

ನ್ಸಾಂಜೆಯ ತೊಂದರೆ ಬೇರೆ ಬಗೆಯದು. ಶಿರೆ ನದಿಯ ಕೆಳಕಣಿವೆ ಅದು. 2015ರ ಜನವರಿಯ ನೆರೆ, 2019ರ ಇಡಾಯ್, 2022ರ ಆನಾ, 2023ರ ಫ್ರೆಡ್ಡಿ ಚಂಡಮಾರುತಗಳು, ಎಲ್ಲದರ ಹೊಡೆತವೂ ಅಲ್ಲಿಗೆ ಬಿದ್ದಿದೆ. ನೆರೆ ಬಂದ ಮರುದಿನ ನಿಮ್ಮ ಅಭಿವೃದ್ಧಿ ಕಚೇರಿ ಪರಿಹಾರ ಕಚೇರಿಯಾಗುತ್ತದೆ, ಆಗಲೇಬೇಕು. ಅದಕ್ಕೆ ಬೇಕಾದ ಸಾಮಾನು, ಖರೀದಿಯ ತುರ್ತು ನಿಯಮ, ತರಬೇತಿ ನಿಮ್ಮಲ್ಲಿದೆಯೇ? ಇಲ್ಲವೆಂದಾದರೆ ಈ ಸುತ್ತಿನಲ್ಲಿ ನ್ಸಾಂಜೆಯನ್ನು ಬಿಡುವುದೇ ಪ್ರಾಮಾಣಿಕತೆ. ಒಂದೇ ಹೊಸ ಜಿಲ್ಲೆಯನ್ನು ಕೇಳಿ. ನನ್ನನ್ನು ಕೇಳಿದರೆ ಡೆಡ್ಜಾಕ್ಕೆ ಹೊಂದಿಕೊಂಡ ಎನ್ಚೆಯು ಇಲ್ಲವೇ ಸಲೀಮಾ ಎನ್ನುತ್ತಿದ್ದೆ. ದಾನಿಗಳು ಒಪ್ಪದಿದ್ದರೆ ಮ್ಜಿಂಬಾ.

ಮುಖ್ಯ ಕಚೇರಿಯಿಂದ ಬರುವ ಇಬ್ಬರ ಬಗ್ಗೆ ಒಂದೇ ಮಾತು. ಅವರಿಗೆ ತಾತ್ಕಾಲಿಕ ಉದ್ಯೋಗ ಪರವಾನಗಿ ಬೇಕು, ಮನೆ, ವಾಹನ, ರಜೆಯ ವಿಮಾನ ಟಿಕೆಟ್ ಬೇಕು, ಮೊದಲ ವರ್ಷ ಪೂರ್ತಿ ದುಭಾಷಿ ಬೇಕು. ಆ ಹಣದಲ್ಲಿ ಡೆಡ್ಜಾದ ನಿಮ್ಮ ಹಿರಿಯ ಕ್ಷೇತ್ರಾಧಿಕಾರಿಗಳಲ್ಲಿ ಒಬ್ಬರಿಗೆ ಬಡ್ತಿ ಕೊಟ್ಟು ಹೊಸ ಜಿಲ್ಲೆಗೆ ಕಳಿಸಿದರೆ ಮಿಕ್ಕದ್ದರಲ್ಲಿ ಇನ್ನೂ ನಾಲ್ವರನ್ನು ನೇಮಿಸಬಹುದು.

ಲೆಕ್ಕದ ಪುಸ್ತಕ

ಮೇಲಿನವರು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ನಾನು ಲೆಕ್ಕಪತ್ರದ ಕಡೆಯವನಾದ್ದರಿಂದ ಹಣದ ಬಗ್ಗೆ ಮಾತ್ರ ಬರೆಯುತ್ತೇನೆ.

ಮಲಾವಿಯಲ್ಲಿ ಬಜೆಟ್ ಮಾಡುವವರು ಮೊದಲು ನೋಡಬೇಕಾದದ್ದು ಕ್ವಾಚದ ಸ್ಥಿತಿಯನ್ನು. 2022ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಕ್ವಾಚವನ್ನು 25 ಪ್ರತಿಶತ ಅಪಮೌಲ್ಯಗೊಳಿಸಿತು. 2023ರ ನವೆಂಬರಿನಲ್ಲಿ ಮತ್ತೆ ಅಪಮೌಲ್ಯವಾಗಿ, ಡಾಲರಿಗೆ ಸುಮಾರು 1,180 ಇದ್ದ ದರ ರಾತ್ರೋರಾತ್ರಿ 1,700 ಆಯಿತು. ವಿದೇಶಿ ಹಣದಲ್ಲಿ ಅನುದಾನ ಪಡೆಯುವವರಿಗೆ ಇದು ಲಾಭವೆಂದು ಮುಖ್ಯ ಕಚೇರಿಗಳಲ್ಲಿ ಕೂತವರು ಭಾವಿಸುತ್ತಾರೆ. ಹಣವನ್ನು ಆಗಲೇ ಕ್ವಾಚಕ್ಕೆ ಬದಲಿಸಿ ಖಾತೆಯಲ್ಲಿಟ್ಟಿದ್ದವರನ್ನು ಕೇಳಿ ನೋಡಿ. ಅದಕ್ಕಿಂತ ದೊಡ್ಡ ಪೆಟ್ಟು ಸದ್ದಿಲ್ಲದೆ ಬೀಳುತ್ತದೆ: ಅಪಮೌಲ್ಯದ ನಂತರ ಬ್ಯಾಂಕಿನ ದರ 1,700 ಚಿಲ್ಲರೆಯಲ್ಲೇ ಕಟ್ಟಿಹಾಕಿದಂತೆ ನಿಂತರೆ, ಬೀದಿಯ ದರ ಅದನ್ನು ಬಹಳ ಹಿಂದೆ ಬಿಟ್ಟು ಮುಂದೆ ಹೋಯಿತು. ನಿಮ್ಮ ಯೂರೋ ಬ್ಯಾಂಕಿನ ದರದಲ್ಲಿ ಕ್ವಾಚವಾಗುತ್ತದೆ; ಆದರೆ ಬೈಕಿನ ಟೈರು, ಪಂಪಿನ ಬಿಡಿಭಾಗ, ಸಿಮೆಂಟು ತಂದು ಮಾರುವ ವ್ಯಾಪಾರಿ ಬೀದಿಯ ದರಕ್ಕೆ ಡಾಲರ್ ಕೊಂಡಿರುತ್ತಾನೆ, ಬೆಲೆಯನ್ನು ಅದರಂತೆಯೇ ಕಟ್ಟುತ್ತಾನೆ. ಈ ಅಂತರ ನಿಮ್ಮ ಅನುದಾನದ ಕೊಳ್ಳುವ ಶಕ್ತಿಯನ್ನು ತಿನ್ನುತ್ತದೆ. ಬೀದಿಯಲ್ಲಿ ಬದಲಿಸಿಕೊಳ್ಳೋಣವೆಂದು ಯಾರಾದರೂ ಸಲಹೆ ಕೊಟ್ಟರೆ ಅವರನ್ನು ಅಲ್ಲಿಯೇ ತಡೆಯಿರಿ. ಅದು ಕಾನೂನುಬಾಹಿರ, ಆಡಿಟ್‌ನಲ್ಲಿಯೂ ನಿಲ್ಲುವುದಿಲ್ಲ. ಮಾಡಬೇಕಾದದ್ದು ಬೇರೆ. ಮೂರು ವರ್ಷಗಳ ಬಜೆಟ್ಟನ್ನು ಆರಂಭದಲ್ಲೇ ಕಲ್ಲಿನಲ್ಲಿ ಕೆತ್ತದೆ ಆರು ತಿಂಗಳಿಗೊಮ್ಮೆ ಸಾಲುಗಳ ನಡುವೆ ಮೊತ್ತವನ್ನು ಬದಲಾಯಿಸುವ ಅವಕಾಶವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ, ಮತ್ತು ಒಂದೆರಡು ತಿಂಗಳ ಖರ್ಚಿಗಾಗುವಷ್ಟನ್ನು ಮಾತ್ರ ಕ್ವಾಚಕ್ಕೆ ಬದಲಿಸಿ.

ಸಂಬಳದ ವಿಷಯವೂ ಇದರೊಂದಿಗೇ ಬೆಸೆದುಕೊಂಡಿದೆ. 2023, 2024ರಲ್ಲಿ ಹಣದುಬ್ಬರ 30 ಪ್ರತಿಶತದ ಆಸುಪಾಸಿನಲ್ಲಿತ್ತು. ವರ್ಷಕ್ಕೆ 5 ಪ್ರತಿಶತ ಏರಿಕೆ ಎಂದು ಬಜೆಟ್‌ನಲ್ಲಿ ಬರೆದರೆ ನಿಮ್ಮ ಒಳ್ಳೆಯ ಕ್ಷೇತ್ರಾಧಿಕಾರಿಗಳು ಎರಡನೆಯ ವರ್ಷದ ಹೊತ್ತಿಗೆ ದೊಡ್ಡ ಸಂಸ್ಥೆಗಳಲ್ಲಿರುತ್ತಾರೆ. ಜೊತೆಗೆ ಕಾನೂನಿನಂತೆ ಉದ್ಯೋಗದಾತರು ಸಂಬಳದ 10 ಪ್ರತಿಶತವನ್ನು ಪಿಂಚಣಿಗೆ ಕಟ್ಟಬೇಕು, ನೌಕರರದು 5 ಪ್ರತಿಶತ. ಹನ್ನೊಂದು ಮಂದಿಗೆ ಇದು ಸಣ್ಣ ಸಾಲು, ಮೂವತ್ತೆಂಟು ಮಂದಿಗೆ ಅಲ್ಲ.

ಈಗ ಆ 7 ಪ್ರತಿಶತಕ್ಕೆ ಬರೋಣ. ಯುರೋಪಿಯನ್ ಒಕ್ಕೂಟದ ಅನುದಾನಗಳಲ್ಲಿ ಪರೋಕ್ಷ ವೆಚ್ಚದ ಮಿತಿ ಇಷ್ಟೇ ಆದ್ದರಿಂದ ಅಲ್ಲಿನ ಬಹಳ ಮಂದಿ ಇದೇ ಸಂಖ್ಯೆಯನ್ನು ಹಿಡಿದಿದ್ದಾರೆ. ಅದನ್ನು ಎಂಟು ಮಾಡಿ, ಒಂಬತ್ತು ಮಾಡಿ ಎಂದು ಜಗ್ಗಾಡಿ ಪ್ರಯೋಜನವಿಲ್ಲ. ನೇರ ವೆಚ್ಚವೆಂದು ತೋರಿಸಬಹುದಾದದ್ದನ್ನೆಲ್ಲ ನೇರ ವೆಚ್ಚದಲ್ಲೇ ಇಡಿ: ಜಿಲ್ಲಾ ಕಚೇರಿಯ ಬಾಡಿಗೆ, ಜಿಲ್ಲೆಯ ಲೆಕ್ಕಿಗರು, ಬೈಕಿನ ವಿಮೆ, ಹೆಲ್ಮೆಟ್, ದೂರು ಸ್ವೀಕರಿಸುವ ಉಚಿತ ಫೋನ್ ಸಂಖ್ಯೆ, ಆಡಿಟ್ ಶುಲ್ಕ. ಲಿಲಾಂಗ್ವೆ ಕಚೇರಿಯ ಹಂಚಿಕೆಯ ವೆಚ್ಚವನ್ನು ಯಾವ ಸೂತ್ರದ ಮೇಲೆ ಹಂಚುತ್ತೀರಿ ಎಂಬುದನ್ನು ಒಂದು ಪುಟದಲ್ಲಿ ಬರೆದು ದಾನಿಗಳ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ನಂತರ ಕೇಳಿದರೆ ಆಡಿಟರ್ ಅದನ್ನು ಅನರ್ಹ ವೆಚ್ಚವೆಂದು ತೆಗೆದುಹಾಕುತ್ತಾರೆ. ಹಾಗೆ ತೆಗೆದದ್ದನ್ನು ತುಂಬಲು ನಿಮ್ಮಲ್ಲಿ ಸ್ವಂತ ಹಣ ಇರುವುದಿಲ್ಲ. ಕೊನೆಯ ಕಂತನ್ನು ಅಂತಿಮ ವರದಿ ಒಪ್ಪಿಗೆಯಾದ ಮೇಲೆಯೇ ಕೊಡುವ ಪದ್ಧತಿ ಇದ್ದರೆ, ಯೋಜನೆಯ ಕೊನೆಯ ತಿಂಗಳುಗಳ ಸಂಬಳವನ್ನು ಯಾರು ಮುಂಗಡವಾಗಿ ಕೊಡುತ್ತಾರೆ ಎಂದು ಮುಖ್ಯ ಕಚೇರಿಯಿಂದ ಲಿಖಿತವಾಗಿ ಪಡೆದುಕೊಳ್ಳಿ. ಸಂತೋಷಪಡುತ್ತಿರುವವರು ಅವರೇ ತಾನೆ.

ಒಬ್ಬರೇ ದಾನಿಯನ್ನು ನೆಚ್ಚಿ ನಾಲ್ಕು ಪಟ್ಟು ಬೆಳೆಯುವುದರ ಅಪಾಯಕ್ಕೆ ಹಳೆಯ ಉದಾಹರಣೆ ಬೇಡ. 2025ರ ಜನವರಿಯಲ್ಲಿ ಅಮೆರಿಕವು ವಿದೇಶಿ ನೆರವನ್ನು ತಡೆಹಿಡಿದಾಗ, ಯುಎಸ್‌ಎಐಡಿ ಎಂಬ ಅದರ ನೆರವು ಸಂಸ್ಥೆಯ ಹಣದಿಂದ ನಡೆಯುತ್ತಿದ್ದ ಯೋಜನೆಗಳಿಗೆ ಕೆಲಸ ನಿಲ್ಲಿಸಿ ಎಂಬ ಆದೇಶ ಬಂತು. ನೋಟಿಸು ಅವಧಿಯ ಸಂಬಳ, ಸೇವೆಯಿಂದ ಬಿಡುಗಡೆ ಮಾಡುವಾಗಿನ ಪರಿಹಾರ, ಗುತ್ತಿಗೆಯ ಮನೆ ಬಾಡಿಗೆ, ಇವೆಲ್ಲ ಆದೇಶದೊಂದಿಗೆ ನಿಲ್ಲಲಿಲ್ಲ. ನೀವು ಮೂವತ್ತೆಂಟು ನೇಮಕಾತಿ ಪತ್ರಗಳಿಗೆ ಸಹಿ ಹಾಕುವ ದಿನ, ಅವರೆಲ್ಲರನ್ನೂ ನಿಯಮದಂತೆ ಬಿಡುಗಡೆ ಮಾಡಲು ಎಷ್ಟು ಹಣ ಬೇಕೆಂಬ ಲೆಕ್ಕವೂ ಒಂದು ಹಾಳೆಯಲ್ಲಿ ನಿಮ್ಮ ಮೇಜಿನ ಮೇಲಿರಲಿ.

ಕೊನೆಯದಾಗಿ, ಮೊದಲ ನೇಮಕಾತಿ ಲೆಕ್ಕಪತ್ರದವರದ್ದಾಗಲಿ, ಕಾರ್ಯಕ್ರಮದವರದ್ದಲ್ಲ. ಈಗಿರುವ ಒಬ್ಬರೇ ಚೆಕ್ ಬರೆದು, ಅವರೇ ಪುಸ್ತಕದಲ್ಲಿ ದಾಖಲಿಸಿ, ಅವರೇ ಬ್ಯಾಂಕಿನ ತಾಳೆ ನೋಡುತ್ತಿದ್ದರೆ ಅವರೆಷ್ಟೇ ಪ್ರಾಮಾಣಿಕರಾದರೂ ಅವರನ್ನು ನೀವು ಅಪಾಯದಲ್ಲಿ ಇಟ್ಟಿದ್ದೀರಿ.

ಶಿರೆ ದಂಡೆ

ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ನೀವೇ ಏಕೆ ಮೂವತ್ತೆಂಟು ಮಂದಿಯಾಗಬೇಕು? ಮ್ಜಿಂಬಾದಲ್ಲಿಯೂ ಶಿರೆ ಕಣಿವೆಯಲ್ಲಿಯೂ ಆ ನೆಲದವರೇ ನಡೆಸುವ ಸಂಸ್ಥೆಗಳಿವೆ. ನೆರೆ ಬಂದಾಗ ಯಾವ ಹಳ್ಳಿಗೆ ದೋಣಿಯೇ ಬೇಕು, ಯಾವ ಹಳ್ಳಿಗೆ ಸುತ್ತುದಾರಿ ಇದೆ ಎಂಬುದು ಅವರಿಗೆ ಗೊತ್ತಿದೆ. ನ್ಸಾಂಜೆಯನ್ನು ಬಿಟ್ಟುಬಿಡಿ ಎನ್ನುವ ಬದಲು, ಅಲ್ಲಿ ನಿಮ್ಮ ಫಲಕ ಹಾಕದೆ, ಅನುದಾನದ ಒಂದು ಪಾಲನ್ನು ಅಂತಹ ಸಂಸ್ಥೆಗೆ ಕೊಟ್ಟು ಉಳಿತಾಯ ಗುಂಪುಗಳ ತರಬೇತಿಯನ್ನಷ್ಟೇ ನೀವು ಒದಗಿಸಬಹುದು. ಹೊರಗಿನ ಸಂಸ್ಥೆಗಳು ಹೊಸ ಜಿಲ್ಲೆಗೆ ಬಂದಾಗ ಮೊದಲು ಮಾಡುವ ಕೆಲಸ ಎಂದರೆ ಸ್ಥಳೀಯ ಸಂಸ್ಥೆಯ ಒಳ್ಳೆಯ ಇಬ್ಬರು ಮೂವರನ್ನು ಇಮ್ಮಡಿ ಸಂಬಳಕ್ಕೆ ಸೆಳೆಯುವುದು. ನಾನು ಅಂತಹ ಸ್ಥಳೀಯ ಸಂಸ್ಥೆಯೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ; ನಾವು ತರಬೇತಿ ಕೊಟ್ಟ ನಾಲ್ವರು ಹೋದ ಮೇಲೆ ಆ ಕಚೇರಿಯಲ್ಲಿ ಉಳಿದದ್ದು ಅಧ್ಯಕ್ಷರು ಮತ್ತು ಕಾವಲುಗಾರ.

ಒಂದು ಎಚ್ಚರಿಕೆ ಇದೆ. ಪಾಲುದಾರ ಸಂಸ್ಥೆಗೆ ಕೊಡುವ ಹಣದಲ್ಲಿ ಅವರ ಆಡಳಿತ ವೆಚ್ಚವೂ ಇರಬೇಕು. ನಿಮಗೆ ಬರುವ 7 ಪ್ರತಿಶತವನ್ನು ನೀವೇ ಇಟ್ಟುಕೊಂಡು ಅವರಿಗೆ ಚಟುವಟಿಕೆಯ ಹಣವನ್ನಷ್ಟೇ ಕೊಟ್ಟರೆ ಅದು ಪಾಲುದಾರಿಕೆಯಲ್ಲ, ಗುತ್ತಿಗೆ.

ಕೆಮ್ಮಣ್ಣು ದಾರಿ

ನ್ಸಾಂಜೆಯ ಮಟ್ಟಿಗೆ ನಿಮ್ಮ ಮಾತು ನನ್ನ ಮಾತಿಗಿಂತ ಮೇಲು, ಒಪ್ಪಿದೆ. ಆದರೆ ಪಾಲುದಾರರ ಲೆಕ್ಕಪತ್ರಕ್ಕೆ ದಾನಿಗಳ ಮುಂದೆ ಉತ್ತರಿಸಬೇಕಾದವರು ಮುಖ್ಯ ಒಪ್ಪಂದಕ್ಕೆ ಸಹಿ ಹಾಕಿದವರೇ. ಆದ್ದರಿಂದ ಪಾಲುದಾರರಿದ್ದರೆ ಸಿಬ್ಬಂದಿ ಕಡಿಮೆಯಾದರೂ ಲೆಕ್ಕಪತ್ರದ ಕೆಲಸ ಕಡಿಮೆಯಾಗುವುದಿಲ್ಲ; ನನ್ನ ಅನುಭವದಲ್ಲಿ ಹೆಚ್ಚೇ ಆಗುತ್ತದೆ.

ಡೆಡ್ಜಾ ದಿನಚರಿ (ಪ್ರಶ್ನೆ ಕೇಳಿದವರು)

ಮೂವರಿಗೂ ಕೃತಜ್ಞತೆಗಳು. ಐದು ವಾರಗಳ ನಂತರ ಮರಳಿ ಬರೆಯುತ್ತಿದ್ದೇನೆ, ವಿಳಂಬಕ್ಕೆ ಕ್ಷಮೆಯಿರಲಿ.

ನಿಮ್ಮ ಉತ್ತರಗಳನ್ನು ಓದಿದ ವಾರವೇ ಡೆಡ್ಜಾದ ಸಂಯೋಜಕರಿಗೆ ಅಧಿಕಾರ ಪತ್ರವನ್ನು ಕೊಟ್ಟೆ. ಮೊದಲ ಹತ್ತು ದಿನ ಆಕೆ ಪ್ರತಿಯೊಂದಕ್ಕೂ ಫೋನ್ ಮಾಡಿ ಕೇಳುತ್ತಿದ್ದರು, ನಾನೂ ಮೊದಲ ಹತ್ತು ದಿನ ಪ್ರತಿಯೊಂದಕ್ಕೂ ಉತ್ತರ ಕೊಟ್ಟುಬಿಟ್ಟೆ. ಅಭ್ಯಾಸ ಬಿಡಬೇಕಾದವನು ನಾನೆಂಬುದು ಆಮೇಲೆ ಹೊಳೆಯಿತು. ಈಗ ‘ಪತ್ರದಲ್ಲಿ ಏನಿದೆ ನೋಡಿ’ ಎಂದಷ್ಟೇ ಹೇಳುತ್ತೇನೆ. ಕಳೆದ ವಾರ ಇಂಧನದ ಕೊರತೆಯಾಗಿ ಡೆಡ್ಜಾದ ಎರಡೂ ಬಂಕುಗಳು ಬರಿದಾದಾಗ ಆಕೆ ನನಗೆ ತಿಳಿಸದೆಯೇ ನಾಲ್ವರು ಕ್ಷೇತ್ರಾಧಿಕಾರಿಗಳನ್ನು ಎರಡು ದೂರದ ಟಿ.ಎ.ಗಳಲ್ಲಿ ಒಂದು ವಾರ ತಂಗಿಸಿ ಕೆಲಸ ನಡೆಸಿದ್ದಾರೆ. ತಂಗುವ ಖರ್ಚು ಇಂಧನಕ್ಕಿಂತ ಕಡಿಮೆಯಾಗಿದೆ.

ದಾನಿಗಳೊಂದಿಗಿನ ಮಾತುಕತೆಯಲ್ಲಿ ಏಪ್ರಿಲ್ ಆರಂಭಕ್ಕೆ ಅವರು ಸುಲಭವಾಗಿ ಒಪ್ಪಿದರು. ಇದನ್ನು ಹಿಂದೆ ಯಾರೂ ಕೇಳಿರಲಿಲ್ಲವಂತೆ. ನೆರೆಯ ಜಿಲ್ಲೆಗೆ ಒಪ್ಪಲಿಲ್ಲ, ಆದರೆ ಮೊದಲ ವರ್ಷ ಮ್ಜಿಂಬಾ ಮಾತ್ರ ಸಾಕೆಂದರು. ನ್ಸಾಂಜೆಯಲ್ಲಿ ಸ್ಥಳೀಯ ಸಂಸ್ಥೆಯೊಂದರ ಮೂಲಕ ಎರಡನೆಯ ವರ್ಷದಿಂದ ಕೆಲಸ, ಅವರ ಆಡಳಿತ ವೆಚ್ಚದ ಸಮೇತ. ಬಜೆಟ್ ಸಾಲುಗಳನ್ನು ಬದಲಾಯಿಸುವ ಷರತ್ತು ಇನ್ನೂ ಅವರ ಕಾನೂನು ವಿಭಾಗದಲ್ಲಿದೆ. ಮುಖ್ಯ ಕಚೇರಿಯವರು ಇಬ್ಬರ ಬದಲು ಒಬ್ಬರನ್ನು, ಅದೂ ಲೆಕ್ಕಪತ್ರದವರನ್ನು, ಆರು ತಿಂಗಳ ಮಟ್ಟಿಗೆ ಕಳಿಸಲಿದ್ದಾರೆ. ನೋಟಿಸು ಅವಧಿಯ ಲೆಕ್ಕದ ಹಾಳೆಯನ್ನು ಅವರಿಗೆ ಕಳಿಸಿದ್ದಕ್ಕೆ ಇದುವರೆಗೆ ಉತ್ತರ ಬಂದಿಲ್ಲ.

ಉಳಿದಿರುವುದು ಒಂದೇ ಸಣ್ಣ ಪ್ರಶ್ನೆ. ಮ್ಜಿಂಬಾದಲ್ಲಿ ಕ್ಷೇತ್ರ ಕಚೇರಿಗೆ ಮನೆ ಹುಡುಕುತ್ತಿದ್ದೇವೆ. ಬೋಮಾದಲ್ಲಿ ಪರಿಷತ್ತಿನ ಹತ್ತಿರ ಒಂದು ಸಿಕ್ಕಿದೆ. ಕೆಲಸ ನಡೆಯುವ ಟಿ.ಎ.ಯ ಮಾರುಕಟ್ಟೆಯ ಬಳಿ ಅರ್ಧ ಬಾಡಿಗೆಗೆ ಇನ್ನೊಂದಿದೆ. ಯಾವುದನ್ನು ಹಿಡಿಯಲಿ?

ಕೆಮ್ಮಣ್ಣು ದಾರಿ

ಮಾರುಕಟ್ಟೆಯ ಬಳಿಯದು. ಪರಿಷತ್ತಿನ ಸಭೆ ಯಾವಾಗಲೋ ಒಮ್ಮೆ, ಜನ ನಿಮ್ಮ ಬಾಗಿಲಿಗೆ ಬರುವುದು ಪ್ರತಿ ಸಂತೆಯ ದಿನ. ಆದರೆ ಒಪ್ಪಂದಕ್ಕೆ ಈಗಲೇ ಸಹಿ ಹಾಕಬೇಡಿ. ಫೆಬ್ರುವರಿಯಲ್ಲಿ, ಒಳ್ಳೆಯ ಮಳೆ ಬಿದ್ದ ಮರುದಿನ, ಬೈಕಿನಲ್ಲಿ ಅಲ್ಲಿಯವರೆಗೆ ಹೋಗಿ ಬನ್ನಿ. ಫೋನಿಗೆ ಸಿಗ್ನಲ್ ಸಿಗುತ್ತದೆಯೇ, ಹಣ ಕಳಿಸಲು ಏರ್‌ಟೆಲ್ ಮನಿ ಅಥವಾ ಎಂಪಾಂಬಾ ಎಂಬ ಮೊಬೈಲ್ ಹಣಸೇವೆಯ ಏಜೆಂಟರ ಬಳಿ ದಿನದ ಕೊನೆಗೂ ನಗದು ಇರುತ್ತದೆಯೇ ಎಂದು ಅದೇ ದಿನ ನೋಡಿಕೊಳ್ಳಿ.